ಹನುಮಯ್ಯನವರ ಫ್ಲಾಸ್ಕು

2-6-86, ಸೋಮವಾರ
ಬೆಳಿಗ್ಗೆ ಮೊದಲು ಕೋಶಗಳಿಗೆ ಆಹಾರ, ಆಮೇಲೆ ನನ್ನ ಕಾಫಿ. ಹನುಮಯ್ಯನವರ ರಕ್ತದ ಕೋಶಗಳನ್ನು ಬೆಳೆಸುತ್ತಿರುವ ಫ್ಲಾಸ್ಕ್ ಚೆನ್ನಾಗಿದೆ. ಅವರೇ ಇಲ್ಲ. ರಕ್ತದ ಕ್ಯಾನ್ಸರು, ಹೋದ ತಿಂಗಳು ತೀರಿಕೊಂಡರು. ತಿಲಕ್ ನಗರದ ಗಾರೆ ಮೇಸ್ತ್ರಿ. ಸಂಶೋಧನೆಗೆ ರಕ್ತ ಕೊಡುವಾಗ "ಚೆನ್ನಾಗಿ ಸಾಕಿ ಮೇಡಂ" ಅಂದಿದ್ದರು.

ಇವತ್ತು ಅವರ ಹೆಂಡತಿ ರುದ್ರಮ್ಮ ಲ್ಯಾಬಿಗೇ ಬಂದುಬಿಟ್ಟರು. ಕೈಯಲ್ಲಿ ಟಿಫನ್ ಕ್ಯಾರಿಯರ್.

"ಅವ್ರು ಇನ್ನೂ ಇಲ್ಲಿ ಬದುಕವ್ರಂತಲ್ಲ ಮೇಡಂ? ಎಡೆ ಇಡ್ಬೇಕು."

ಫ್ಲಾಸ್ಕನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಮುಂದೆ ಬಾಳೆಲೆ. ಮುದ್ದೆ, ಉಪ್ಸಾರು. ಬೇಡ ಅನ್ನಲಾಗದೆ ನಾನೇ ಜಾಗ ಮಾಡಿಕೊಟ್ಟೆ. ಆಮೇಲೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಉಂಡೆವು. ಯಾರ ಜೊತೆಗಾದರೂ ಕೂತು ಉಂಡು ಎಷ್ಟು ಕಾಲವಾಯಿತೋ.

9-6-86
ಮತ್ತೆ ಬಂದರು. ಹುರುಳಿ ಸಾರು. ನನಗೆ ಬಲವಂತವಾಗಿ ಬಡಿಸಿದರು — "ಒಬ್ರೇ ಇದ್ರೆ ಹಿಂಗೇ ಸೊರಗೋದು."

ನಿಜ ಹೇಳಬೇಕಿತ್ತು. ಫ್ಲಾಸ್ಕಿನಲ್ಲಿರುವುದು ಹನುಮಯ್ಯ ಅಲ್ಲ, ಅವರನ್ನು ಕೊಂದ ಕಾಯಿಲೆ. ಹೇಳಿದರೆ ಇನ್ನು ಬರುವುದಿಲ್ಲ. ಹೇಳಲಿಲ್ಲ.

16-6-86
ಜೀನ್ ಎಚ್ಚರವಿದ್ದರೆ ಗೆರೆ ಮೂಡುವ ಎಕ್ಸ್-ರೇ ಫಿಲಂ ತೊಳೆದೆ. ಕಪ್ಪು ಗೆರೆ! ಇಂಟರ್‌ಫೆರಾನ್ — ಸೋಂಕು ಬಂದಾಗ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನು — ಹಾಕಿದ ಕಡೆ ಬೆಳವಣಿಗೆ ತಡೆಯುವ ಜೀನ್, ಇಷ್ಟು ದಿನ ಮಲಗಿದ್ದದ್ದು, ಎದ್ದಿದೆ. ಹಾಕದ ಕಡೆ ಗೆರೆಯೇ ಇಲ್ಲ. ನಮ್ಮ ಪ್ರೊಫೆಸರು ದೆಹಲಿಯಲ್ಲಿ, ಹೇಳಿಕೊಳ್ಳಲು ಯಾರೂ ಇಲ್ಲ. ರುದ್ರಮ್ಮ ಬಂದ ಕೂಡಲೇ ತಡೆಯಲಾಗದೆ ಅಂದುಬಿಟ್ಟೆ — "ಇವು ಬೆಳೆಯೋದು ನಿಂತೋಯ್ತು ರುದ್ರಮ್ಮ!"

"ಅವ್ರನ್ನ ಸಾಯಿಸ್ತಿದೀರಾ?"

ಹೇಳಲೇಬೇಕಾಯಿತು. ಇದು ಅವರಲ್ಲ, ಅವರನ್ನ ತಿಂದ ಕಾಯಿಲೆ ಅಂತ.

"ಹಂಗಾದ್ರೆ ನಾನು ಎಡೆ ಇಟ್ಟಿದ್ದು ಇದಕ್ಕಾ?"

ಕ್ಯಾರಿಯರ್ ಬಿಚ್ಚಲೇ ಇಲ್ಲ. ಹೊರಟುಹೋದರು.

23-6-86
ಬರಲಿಲ್ಲ. ಫೋರ್ತ್ ಬ್ಲಾಕಿನ ಬೇಕರಿಯಲ್ಲಿ ಒಬ್ಬಳೇ ಬನ್ ತಿಂದೆ.

7-7-86
ಬಂದರು. ಬರಿಗೈ.

"ಸತ್ತೋಯ್ತಾ ಅದು?"

"ಇನ್ನೂ ಇಲ್ಲ. ದಿನಾ ಇಂಟರ್‌ಫೆರಾನ್ ಹಾಕ್ತಿದೀನಿ."

"ಅದು ಸಾಯೋದನ್ನ ನಾನು ನೋಡ್ಬೇಕು. ಅಲ್ಲೀಗಂಟ ಬರ್ತೀನಿ."

ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ನೋಡಿದರು. ಬೈದರು. ಅತ್ತರು. ನನಗೆ ಸಂತೋಷವಾಯಿತು... ಅವರು ಬಂದರಲ್ಲ ಅಂತ. ಎಂಥ ಹೆಂಗಸು ನಾನು.

11-7-86
ದಿನಾ ಬರುತ್ತಿದ್ದಾರೆ. ನಿನ್ನೆ ಮತ್ತೆ ಕ್ಯಾರಿಯರ್ ತಂದಿದ್ದರು — "ಇದು ನಿಮ್ಗೆ." ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು, ಇಬ್ಬರೂ ನಕ್ಕೆವು.

ಫ್ಲಾಸ್ಕಿನಲ್ಲಿ ಉಳಿದಿರುವುದು ಸ್ವಲ್ಪವೇ. ಇವತ್ತು ನಾಳೆ ಹಾಕಿದರೆ ಮುಗಿಯಿತು. ಆಮೇಲೆ ರುದ್ರಮ್ಮ ಇಲ್ಲಿಗೆ ಏಕೆ ಬರುತ್ತಾರೆ? ಇಂಟರ್‌ಫೆರಾನ್ ಫ್ರಿಜ್ಜಿನಿಂದ ತೆಗೆದು ಮುಂದೆ ಇಟ್ಟುಕೊಂಡಿದ್ದೇನೆ. ಇವತ್ತೊಂದು ದಿನ ಹಾಕದೇ ಇದ್ದರೆ ಅವು ಮತ್ತೆ ಬೆಳೆಯುತ್ತವೆ. ಯಾರಿಗೆ ಗೊತ್ತಾಗುತ್ತದೆ —