ಬುಡದಲ್ಲಿ ಕೊಯ್ದ ಒಂದಿಂಚು

ಮನೆಯಿಂದ,
ಮಂಗಳವಾರ, ಹದಿನೆಂಟನೇ ತಾರೀಕು

ನನ್ನ ಗೇಣಮ್ಮನಿಗೆ,

ಅಪ್ಪನ ಆಶೀರ್ವಾದಗಳು. ಕಂಡದ್ದನ್ನೆಲ್ಲ ಗೇಣು ಹಾಕಿ ಅಳೆಯುತ್ತಿದ್ದ ಮಗುವಿಗೆ ಇಟ್ಟ ಹೆಸರು, ಇಪ್ಪತ್ತೆಂಟು ವರ್ಷದವಳಿಗೆ ಬರೆಯುವಾಗಲೂ ಅದೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಬರೆಯಲಿಲ್ಲ. ಕನ್ನಡಕ ಒಡೆದಿತ್ತು ಎಂದು ಹೇಳೋಣವೆಂದಿದ್ದೆ. ಒಡೆದದ್ದೇನೋ ನಿಜ, ಆದರೆ ಮೂರೇ ದಿನಕ್ಕೆ ಹೊಸದು ಬಂತು. ಉಳಿದ ಏಳು ವಾರಕ್ಕೆ ನೆಪ ಸಿಗಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇಳಿದಿದೆ, ಬಾಯಿ ಮೊದಲಿನಷ್ಟೇ ಜೋರಾಗಿದೆ. "ಅವಳಿಗೆ ಬರೆದ್ರಾ?" ಎಂದು ದಿನಾ ಕೇಳುತ್ತಾಳೆ. "ಬರೀತೀನಿ" ಎನ್ನುತ್ತೇನೆ. "ನಿಮ್ಮ ಬರೀತೀನಿ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು" ಎಂದು ಒಳಗೆ ಹೋಗುತ್ತಾಳೆ.

ಸುದ್ದಿ ಏನೆಂದರೆ ಶಾಲೆಯಲ್ಲಿ ನಿಯಮ ಬದಲಾಗಿದೆ. ಮರಗೆಲಸ, ವೆಲ್ಡಿಂಗ್, ವೈರಿಂಗ್ ತರಗತಿಗಳು ಇನ್ನು ಮೇಲೆ ಪಾಠದ ವಿಷಯಗಳಿಗೆ ಸಮ. ಮರಗೆಲಸ ಪೂರ್ತಿ ಕಲಿತವರು ಗಣಿತ ಪಾಸಾದಂತೆಯೇ. ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಮರಗೆಲಸ ಕಲಿಸಿ 'ಲೆಕ್ಕ ಬಾರದವರ ಮೇಷ್ಟ್ರು' ಅನ್ನಿಸಿಕೊಂಡವನು ನಾನು. ಖುಷಿಯಾಗಬೇಕಿತ್ತು, ಆಗಲಿಲ್ಲ. ದುಃಖವೂ ಆಗಲಿಲ್ಲ. ಒಂದೇ ಮಗ್ಗುಲಲ್ಲಿ ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ. ಇದು ನನ್ನದೇ ಕಾಲು ಎಂದು ಮುಟ್ಟಿ ನೋಡಿಕೊಳ್ಳಬೇಕು. ಸಭೆ ಮುಗಿದ ಮೇಲೆ ವರ್ಕ್‌ಶಾಪಿಗೆ ಹೋಗಿ ಇಡೀ ಮಧ್ಯಾಹ್ನ ಉಳಿಗಳನ್ನು ಮಸೆದೆ. ಆಗಲೇ ಹರಿತವಾಗಿದ್ದವನ್ನೂ ಮಸೆದೆ.

ಮರುವಾರ ಹೊಸ ಗಣಿತದ ಮೇಡಂ ತಮ್ಮ ತರಗತಿಯನ್ನು ವರ್ಕ್‌ಶಾಪಿಗೆ ಕರೆತಂದರು. ಅಟ್ಟಕ್ಕೆ ಹೋಗಲು ನೀನು ಅಲ್ಲಿ ಕಲಿಯುವಾಗ ಮಾಡಿದ ಮೆಟ್ಟಿಲಿನ ಮೇಲೆಲ್ಲ ಟೇಪು ಹಿಡಿದರು. ಹದಿನಾಲ್ಕು ಮೆಟ್ಟಿಲೂ ಏಳೂವರೆ ಇಂಚು, ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೆಟ್ಟಿಲು ಹೊತ್ತ ಪಕ್ಕದ ತೊಲೆಯ ಬುಡ ನೋಡಿ ಮಕ್ಕಳಿಗೆ ಹೇಳಿದರು: "ಇಲ್ಲಿ ಒಂದಿಂಚು ಕೊಯ್ದಿದ್ದಾರೆ ನೋಡಿ. ಮೇಲೆ ಕೂರೋ ಹಲಗೆ ಒಂದಿಂಚು ದಪ್ಪ. ಇದನ್ನ ಕೊಯ್ಯದಿದ್ರೆ ಮೊದಲನೇ ಮೆಟ್ಟಿಲು ಎತ್ತರ ಆಗಿಬಿಡ್ತಿತ್ತು, ಕೊನೇದು ಗಿಡ್ಡ. ಹತ್ತಿದವರೆಲ್ಲ ಎಡವ್ತಿದ್ರು." ಆಮೇಲೆ ನನ್ನ ಕಡೆ ತಿರುಗಿ, "ಯಾರು ಮಾಡಿದ್ದು ಮೇಷ್ಟ್ರೇ ಇದು?" ಎಂದರು.

"ನನ್ನ ಮಗಳು."

"ಅವರೀಗ ಇಂಜಿನಿಯರಾ?"

"ಪರದೆ ಅಂಗಡೀಲಿದ್ದಾಳೆ. ಮನೆಮನೆಗೆ ಹೋಗಿ ಕಿಟಕಿ ಅಳೀತಾಳೆ."

ಮೇಡಂ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡರು.

ನಿನಗೆ ಸಂಬಂಧಪಟ್ಟದ್ದು ಈಗ ಹೇಳುತ್ತೇನೆ. ಗಣಿತವೊಂದರಲ್ಲೇ ನಿಂತುಹೋದ ಹಳೆಯ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ತಾನೇ ಲೆಕ್ಕ ಹಾಕಿ ಮಾಡಿದ ಕೆಲಸ ಒಂದಿರಬೇಕು, ಹೌದೆಂದು ಕಲಿಸಿದವರು ಬರೆದುಕೊಡಬೇಕು, ತಿಂಗಳ ಕೊನೆಯೊಳಗೆ. ಸರ್ಟಿಫಿಕೇಟು ಬಂದರೆ ಕಟ್ಟಡದ ನಕ್ಷೆ ಬರೆಯುವ ಕೋರ್ಸಿಗೆ ನೀನು ಸೇರಬಹುದು. ಗಣಿತವಿಲ್ಲ ಎಂದು ಅಂದು ನಿನ್ನ ಅರ್ಜಿ ವಾಪಸು ಕಳಿಸಿದರಲ್ಲ, ಅದೇ ಕೋರ್ಸು. ವಯಸ್ಸು ಅಡ್ಡಿಯಿಲ್ಲವಂತೆ, ಹೋಗಿ ಕೇಳಿಕೊಂಡು ಬಂದೆ.

ನಿನ್ನ ಫೈಲು ತೆಗೆಸಲು ಶಾಲೆಯ ಆಫೀಸಿಗೆ ಹೋದೆ. ಗುಮಾಸ್ತ ಧೂಳು ಕೊಡವಿ ಹಾಳೆ ಮಗುಚುತ್ತ, "ಮೇಷ್ಟ್ರೇ, ಇದ್ರಲ್ಲಿ ನಿಮ್ಮದೇ ಒಂದು ಕಾಗದ ಇದ್ಯಲ್ಲ" ಎಂದು ನನ್ನ ಮುಖ ನೋಡಿದ. ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಇಲ್ಲೇ ಬರೆಯೋಣವೆಂದರೆ ಕೈ ಓಡುತ್ತಿಲ್ಲ.

ಫಾರಂ ಇದರ ಜೊತೆಗಿದೆ. ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕಿ ಕಳಿಸು. ಮನಸ್ಸಿಲ್ಲದಿದ್ದರೆ ಹಾಕಬೇಡ, ನಾನು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪರದೆ ಕಟ್ಟಲು ಏಣಿ ಹತ್ತುವಾಗ ಹುಷಾರು. ನಿನಗೆ ಒಳ್ಳೆಯದಾಗಲಿ, ನನ್ನಿಂದ ತಪ್ಪಿಹೋದದ್ದೂ ನಿನಗೆ ಸಿಗಲಿ.

ನಿನ್ನ
ಅಪ್ಪ

ತಾ.ಕ.: ಫೈಲಿನಲ್ಲಿದ್ದ ಆ ಕಾಗದದ ವಿಷಯ ಅಮ್ಮನಿಗೂ ಗೊತ್ತಿಲ್ಲ. ಗಣಿತದ ಪ್ರಶ್ನೆಪತ್ರಿಕೆ ಕಂಡರೆ ಬರುವ ಲೆಕ್ಕವೂ ನಿನಗೆ ಮರೆತುಹೋಗುತ್ತಿತ್ತು. ನೀನು ಮೂರನೇ ಸಲ ನಪಾಸಾದಾಗ ಹಳೆಯ ಹೆಡ್ ಮೇಡಂ ನನ್ನನ್ನು ಕರೆಸಿದ್ದರು. "ಮೆಟ್ಟಿಲಿನ ಲೆಕ್ಕ ಅವಳದೇ ಅಂತ ಬರೆದುಕೊಡಿ ಮೇಷ್ಟ್ರೇ, ಅದನ್ನೇ ತೋರಿಸಿ ಮೇಲಿನವರನ್ನ ಒಪ್ಪಿಸ್ತೀನಿ" ಎಂದರು. ನಾನು ಬರೆದುಕೊಟ್ಟದ್ದು ಇಷ್ಟು: 'ಲೆಕ್ಕ ನನ್ನದು. ವಿದ್ಯಾರ್ಥಿನಿ ಮರ ಕೊಯ್ದಿದ್ದಾಳೆ, ಅಷ್ಟೇ.'

ಮಗಳೆಂದು ಪಾಸು ಮಾಡಿಸಿದ ಎಂಬ ಮಾತು ಬರಬಾರದೆಂದು ಹಾಗೆ ಬರೆದೆ ಎಂದು ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಬುಡದ ಒಂದಿಂಚು ನಾನು ಬೋರ್ಡಿನ ಮೇಲೆ ಹಾಕಿದ ಲೆಕ್ಕದಲ್ಲಿ ಇರಲೇ ಇಲ್ಲ. ನೀನು ಎದ್ದು ನಿಂತು, "ಸಾರ್, ಹಲಗೆ ದಪ್ಪ ಕಳೀಲಿಲ್ಲ ನೀವು" ಎಂದೆ. ತರಗತಿಯೆಲ್ಲ ನಕ್ಕಿತು, ಇಡೀ ಲೆಕ್ಕ ನೀನೇ ಹೊಸದಾಗಿ ಹಾಕಿದೆ. ನನಗೆ ಅವಮಾನವಾಯಿತು ಗೇಣಮ್ಮ. ಆ ಸಿಟ್ಟು ಆ ಕಾಗದ ಬರೆಯುವ ದಿನವೂ ಇಳಿದಿರಲಿಲ್ಲ.

ಹಿಂದಿನದು ಸುಳ್ಳು ಎಂದು ಈಗ ಬೇರೆ ಕಾಗದ ಬರೆದುಕೊಟ್ಟಿದ್ದೇನೆ. "ವಿಚಾರಣೆ ಆಗಬಹುದು ಮೇಷ್ಟ್ರೇ" ಎಂದ ಗುಮಾಸ್ತ. ಆಗಲಿ. ಫಾರಂನಲ್ಲಿ 'ತಡವಾದುದಕ್ಕೆ ಕಾರಣ' ಎಂದು ಒಂದು ಕಲಂ ಇದೆ. ಮೊದಲು 'ನಿಯಮ ಇರಲಿಲ್ಲ' ಎಂದು ಬರೆದೆ. ಅದನ್ನು ಹೊಡೆದುಹಾಕಿ 'ತಂದೆ' ಎಂದು ಬರೆದಿದ್ದೇನೆ. ತಿದ್ದಿದ ಜಾಗದ ಪಕ್ಕದಲ್ಲಿ ನಿನ್ನ ಸಹಿಯೂ ಬೇಕಂತೆ.