ಅವರು ನೆಟ್ಟ ಮರದ ಹೊಂಬಾಳೆ

೧೮ ನವೆಂಬರ್, ಸೋಮವಾರ

ಹೊಂಬಾಳೆ ಕಡಿಯಲು ಬಿಡಲೋ ಬೇಡವೋ ಎಂದು ಬೆಳಗಿನಿಂದ ಕೊರೆಯುತ್ತಿತ್ತು. ನಮ್ಮವರು ತೀರಿಕೊಂಡ ಮೇಲೆ ಅವರು ನೆಟ್ಟ ತೆಂಗಿನ ಮರಕ್ಕೆ ನಾನು ಯಾರನ್ನೂ ಹತ್ತಿಸಿಲ್ಲ. ತಾನಾಗಿ ಉದುರಿದ ಕಾಯನ್ನಷ್ಟೇ ಆರಿಸಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕುತ್ತಿದ್ದೆ. ಕೃಷಿ ಕಾಲೇಜಿನಲ್ಲಿ ಓದುವ ಮೊಮ್ಮಗಳು ಗಾನವಿಗೆ ಪ್ರಯೋಗಕ್ಕೆಂದು ಒಂದೇ ಮರದ ಬೇರು, ಗರಿ, ಬಿರಿಯದ ಹೊಂಬಾಳೆ ಬೇಕಿತ್ತು.

“ಎಳನೀರು ಸಿಹಿ ಮಾಡೋ ಜೀನ್ ಗರೀಲೂ ಇರುತ್ತೆ ಕಣಜ್ಜಿ. ಅಲ್ಲಿ ಸುಮ್ನೆ ಮುಚ್ಕೊಂಡಿರುತ್ತೆ ಅಷ್ಟೆ. ಯಾವುದು ಎಲ್ಲಿ ತೆರ್ಕೊಳ್ಳುತ್ತೆ ಅಂತ ನೋಡ್ಬೇಕು.”

“ಹಂಗಾರೆ ಕಳೆದುಹೋಗಿರಲ್ವಾ?”

“ಇಲ್ಲ ಕಣಜ್ಜಿ.”

ಒಪ್ಪಿದೆ. ಕಾಯಿ ಕೀಳುವ ಸಣ್ಣತಿಮ್ಮಯ್ಯ ಮರದ ತುದಿಯಿಂದ ಕೂಗಿದ: “ಮರಕ್ಕೂ ರಕ್ತ ಪರೀಕ್ಷೆ ಏನ್ರವ್ವಾ? ಸೂಜಿ ಕಂಡ್ರೆ ಓಡ್ತಿದ್ದ ಯಜಮಾನ್ರು ನೆಟ್ಟಿದ್ದು ಇದು! ಇದೂ ಓಡೀತು, ಬೇರು ಹಿಡ್ಕಳಿ!”

ನಾನು ಜೋರಾಗಿ ನಕ್ಕುಬಿಟ್ಟೆ. ಗಾನವಿ ಬೇರು, ಗರಿಯ ಚೂರು ಇಟ್ಟ ಐಸ್ ಡಬ್ಬಿ ಮುಚ್ಚುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಆ ನಗು ಅವರ ಜೊತೆಗೇ ಮಣ್ಣಿಗೆ ಹೋಯಿತು ಎಂದುಕೊಂಡಿದ್ದೆ.

ಮರದಲ್ಲಿ ಇನ್ನೊಂದು ಹೊಂಬಾಳೆ ಇದೆಯಂತೆ. ನಾಳೆ ನಾಡಿದ್ದರಲ್ಲಿ ಬಿರಿಯುತ್ತದೆ ಎಂದ. ಎದ್ದ ಕೂಡಲೇ ನೋಡಬೇಕು. ಕಣ್ಣು ಎಳೆಯುತ್ತಿದೆ, ಆದರೂ ಆ ಬೇರು ಹಿಡಿಯುವ ಮಾತು ನೆನೆದರೆ ಮತ್ತೆ ನಗು…