ಕುವೈತಿಗೆ ಬಂದ ದಿನಾಂಕ

3-9-2013, ಬೆಳಗ್ಗೆ 6
ಇಂದು ಒಂಬತ್ತು ಫೈಲು. ಎರಡು ಇಕಾಮಾ ವಾಸಪತ್ರದ ರಿನ್ಯೂವಲ್, ಉಳಿದದ್ದೆಲ್ಲ ಹೊಸ ವೀಸಾ. ಹತ್ತನೆಯದು ಸಫೀರನದು — ಬ್ಯಾಗಿನ ಅಡಿಯಲ್ಲೇ ಇದೆ. ಕಂಪೆನಿಯವರ ಸಾವಿರ ಅರ್ಜಿ ತುಂಬಿಸಿದ ಕೈ, ಸ್ವಂತ ಮಗನದಕ್ಕೆ ಏಳುತ್ತಿಲ್ಲ. ನವೆಂಬರಿಗೆ ಅವನಿಗೆ ಇಪ್ಪತ್ತೊಂದು. ಆಮೇಲೆ ಅಪ್ಪನ ವೀಸಾದಲ್ಲಿ ಇರುವಂತಿಲ್ಲ. ಕೆಲಸದ ವೀಸಾ ಸಿಗಬೇಕು, ಇಲ್ಲವಾದರೆ ಊರಿಗೆ. ಯಾರ ಊರಿಗೆ? ಉಳ್ಳಾಲವನ್ನು ಅವನು ನೋಡಿದ್ದು ರಜೆಯಲ್ಲಿ ಮಾತ್ರ.
ಹೆಂಡತಿ ಸಫೂರಾ ಚಹಾ ಇಟ್ಟಳು. "ಇವತ್ತಾದ್ರೂ ಕೊಡ್ತೀರಾ ಎಂತ?"

4-9-2013
ಕೊಟ್ಟೆ. ವಾಪಸ್ ಬಂತು. ತಪ್ಪು ನನ್ನದೇ. 'ಕುವೈತಿಗೆ ಬಂದ ದಿನಾಂಕ' ಎಂಬಲ್ಲಿ ಅವನು ಹುಟ್ಟಿದ ತಾರೀಕು ಬರೆದಿದ್ದೆ! ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದು ಮಾಡಿದವನಲ್ಲ. ಕೌಂಟರಿನವಳು ಕೆಂಪು ಗೆರೆ ಎಳೆದಳು. ದೇಶ ಬಿಟ್ಟು ಹೋಗಿ, ಹೊಸ ವೀಸಾದಲ್ಲಿ ಬಂದ ಮೊಹರು ಬೇಕಂತೆ. ಹೊಣೆ ಹೊತ್ತು ವೀಸಾ ಕೊಡಿಸುವ ಕಫೀಲ್ ಬೇರೆ ಸಿಗಬೇಕು.
ಸಫೀರ್ ನಕ್ಕ. "ಉಪ್ಪಾ, ಐ ನೆವರ್ ಕೇಮ್. ಐ ವಾಸ್ ಜಸ್ಟ್ ಹಿಯರ್."
ನಾನೂ ನಕ್ಕೆ. ಫಾರ್ಮನ್ನು ಮತ್ತೆ ಬ್ಯಾಗಿಗೆ ಹಾಕಿದೆ.

8-9-2013
ಕಂಪೆನಿ ಕಾಗದಗಳ ಸಹಿಗೆಂದು ಅಬು ನಾಸರರ ದಿವಾನಿಯಾಕ್ಕೆ ಹೋದೆ. ಧಣಿಯ ತಂದೆ, ಎಂಬತ್ತು ದಾಟಿದೆ. ಸಂಜೆ ಗೆಳೆಯರ ಜೊತೆ ಕೂರುವ ಚಾವಡಿ ಅದು. ನಾನು ಯಾವತ್ತೂ ಬಾಗಿಲ ಬಳಿ ನಿಲ್ಲುವವನು. ಫೈಲು ತೆಗೆಯುವಾಗ ಸಫೀರನ ಫಾರ್ಮಿನ ಆ ಕೆಂಪು ಗೆರೆ ಅವರ ಕಣ್ಣಿಗೆ ಬಿತ್ತು. ಬೈಗುಳ ಗ್ಯಾರಂಟಿ ಅಂದುಕೊಂಡೆ.
"ಬೈಠೋ, ಉಮರ್." ಹಳೆಯ ಬೊಂಬಾಯಿ ಹಿಂದಿ. ಪಕ್ಕದಲ್ಲೇ ಕೂರಿಸಿ, ತಗಡಿನ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದರು. ಅವರ ತಂದೆಯನ್ನು ಕುವೈತಿನ ಪ್ರಜೆಯೆಂದು ಬರೆದುಕೊಂಡ ಕಾಲದ್ದು. ತಂದೆ ಪರ್ಷಿಯಾದ ಕಡೆಯಿಂದ ದೋಣಿಯಲ್ಲಿ ಬಂದವರು. ಬಂದ ತಾರೀಕು ಯಾರಿಗೂ ಗೊತ್ತಿಲ್ಲ. 1920ರಲ್ಲಿ ಊರಿನವರೆಲ್ಲ ಸೇರಿ ಊರ ಸುತ್ತ ಗೋಡೆ ಕಟ್ಟುವಾಗ ಇಲ್ಲಿದ್ದೆಯಾ ಎಂದು ಕೇಳಿದರಂತೆ. ಒಬ್ಬ ಮುದುಕ ಸಾಕ್ಷಿ ನುಡಿದ — ಇವನು ನನ್ನ ಜೊತೆ ಮಣ್ಣು ಹೊತ್ತಿದ್ದಾನೆ. ಹೆಬ್ಬೆಟ್ಟು ಒತ್ತಿದ. ಖಲಾಸ್.
"ನನ್ನಪ್ಪ ದೋಣಿಯಲ್ಲಿ ಬಂದ. ನಿನ್ನ ಮಗ ಎಲ್ಲಿಂದಲೂ ಬಂದಿಲ್ಲ" ಎಂದರು.
ಬುಟ್ಟಿ ಮಣ್ಣು ಹೊತ್ತದ್ದಕ್ಕೆ ಒಂದು ದೇಶ... ಸುಬ್‌ಹಾನಲ್ಲಾಹ್!
ಬರುವಾಗ ಹಳೆಯ ಗೋಡೆಯ ಬಾಗಿಲ ಬಳಿ ಕಾರು ನಿಲ್ಲಿಸಿದೆ. ಗೋಡೆ ಎಂದೋ ಹೋಯಿತು, ಬಾಗಿಲು ಉಳಿದಿದೆ. ದಿನಾ ಸುತ್ತಿ ಹೋಗುವವನು. ಇಳಿದು ಮುಟ್ಟಿದ್ದು ಇಂದೇ.

15-9-2013
ಅಬು ನಾಸರ್ ಕೋಲೂರಿಕೊಂಡು ತಾವೇ ವೀಸಾ ಕಚೇರಿಗೆ ಬಂದರು! "ನಾನು ಸಾಕ್ಷಿ. ಇವನ ಮಗ ಹುಟ್ಟಿದ ದಿನ ಖರ್ಜೂರ ಕಳಿಸಿದ್ದೆ."
ಅಧಿಕಾರಿ ಎದ್ದು ಬಂದು ಅವರ ಹಣೆಗೆ ಮುತ್ತಿಟ್ಟ. "ದೊಡ್ಡಪ್ಪಾ, ಈ ಫಾರ್ಮಿನಲ್ಲಿ ಸಾಕ್ಷಿಗೆ ಜಾಗವೇ ಇಲ್ಲ."
ನನಗದು ಮೊದಲೇ ಗೊತ್ತಿತ್ತು. ಆದರೂ ಕಣ್ಣು ತುಂಬಿತು. ಅಬು ನಾಸರ್ ತಾವೇ ಕಫೀಲ್ ಆಗಿ ಸಫೀರನ ವೀಸಾಕ್ಕೆ ಅರ್ಜಿ ಹಾಕಿದರು. ಸಿಕ್ಕೀತೋ ಇಲ್ಲವೋ.

2-11-2013
ವೀಸಾ ಇನ್ನೂ ಬಂದಿಲ್ಲ. ಸಫೀರನನ್ನು ವಿಮಾನ ಹತ್ತಿಸಿ ಬಂದೆ. ಮಂಗಳೂರು ಫ್ಲೈಟಿನ ಕ್ಯೂನಲ್ಲಿ ಎಲ್ಲರೂ ಊರಿಗೆ ಹೋಗುವವರು. ಇವನೊಬ್ಬ ಊರು ಬಿಡುವವನು.

9-2-2014, ಸಂಜೆ
ಹೊಸ ವೀಸಾದಲ್ಲಿ ಬಂದ! ಅಲ್‌ಹಮ್ದುಲಿಲ್ಲಾಹ್. ಅರೈವಲ್ ಬಾಗಿಲಲ್ಲಿ ಅಬು ನಾಸರ್ ವೀಲ್‌ಚೇರಿನಲ್ಲಿ ಕಾದಿದ್ದರು. ಸಫೀರ್ ಬಗ್ಗಿ ಅವರ ಹಣೆಗೆ ಮುತ್ತಿಟ್ಟ, ಇಲ್ಲಿನ ಮಕ್ಕಳ ಹಾಗೆ. ನಾನು ಕಲಿಸಿದ್ದಲ್ಲ.
ಫಾರ್ಮು ಎದುರಿಗಿದೆ. ಪಾಸ್‌ಪೋರ್ಟಿನಲ್ಲಿ ಇಂದಿನ ಮೊಹರಿದೆ. ಎಲ್ಲ ತುಂಬಿಸಿದೆ, ಒಂದು ಬಿಟ್ಟು.
ಕುವೈತಿಗೆ ಬಂದ ದಿನಾಂಕ —